ತಾರಸಿ ಸೋರಿದ್ದು ಒಂದು ಕಡೆ, ನಾನು ಮುಚ್ಚಿದ್ದು ಇನ್ನೊಂದು ಕಡೆ

ಹಳೆ ಹಂಚಿನ ಮನೆಗೆ ತಾಗಿಸಿ ಒಂದು ತಾರಸಿ ಕಟ್ಟಿಸುವುದು ನಮ್ಮ ಕರಾವಳಿಯ ಅಡಿಕೆ ಕೃಷಿಕರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಮಾಡುವ ಕೆಲಸ. ಕೆಳಗೆ ಎರಡು ಕೋಣೆ ಸಿಗುತ್ತದೆ, ಮೇಲೆ ಅಡಿಕೆ ಒಣಗಲಿಕ್ಕೆ ಹಾಕಬಹುದು. ನಾನೂ 2008ರಲ್ಲಿ ಕಟ್ಟಿಸಿದೆ. 30 ಅಡಿ ಉದ್ದ, 20 ಅಡಿ ಅಗಲ. ಒಂದು ಕೋಣೆ ಅಮ್ಮನಿಗೆ, ಇನ್ನೊಂದು ಚಾಲಿ ದಾಸ್ತಾನಿಗೆ.

ಐದು ಮಳೆಗಾಲ ಚೆನ್ನಾಗಿತ್ತು. 2013ರಲ್ಲಿ ಅಮ್ಮನ ಕೋಣೆಯ ಫ್ಯಾನಿನ ಬುಡದಿಂದ ಹನಿ ಬೀಳಲು ಸುರುವಾಯಿತು. ಮತ್ತಿನ ಮೂರು ವರ್ಷ ಪ್ರತಿ ಬೇಸಗೆಯಲ್ಲಿ ರಿಪೇರಿ, ಪ್ರತಿ ಮಳೆಗಾಲದಲ್ಲಿ ಬಕೆಟ್. 2017ರ ಆಟಿಯಲ್ಲಿ ಅಡಿಕೆ ಕೋಣೆಯ ಗೋಡೆಯೂ ಒಸರಿತು. ಗೋಡೆ ಬದಿಯ ಚೀಲಗಳ ಅಡಿಕೆಗೆ ಬೂಷ್ಟು ಹಿಡಿದು, ಒಳ್ಳೆಯ ಚಾಲಿಯಾಗಿ ಹೋಗಬೇಕಿದ್ದದ್ದು ಕೋಕದ ದರಕ್ಕೆ ಹೋಯಿತು. ಅದೇ ವಾರ ಸ್ವಿಚ್ ಬೋರ್ಡ್ ಮುಟ್ಟಿದ ಅಮ್ಮನಿಗೆ ಶಾಕ್ ಹೊಡೆಯಿತು. ಪುಣ್ಯಕ್ಕೆ ಕೈ ಹಿಂದೆ ಬಂತು. ಅಡಿಕೆ ಹಾಳಾದರೆ ಇನ್ನೊಂದು ವರ್ಷ ಉಂಟು. ಇದು ಹಾಗಲ್ಲ ಅಂತ ಆ ದಿನ ಮನಸ್ಸಿಗೆ ತಾಗಿತು.

ತಾರಸಿ ಸೋರುವವರು ನಮ್ಮಲ್ಲಿ ತುಂಬಾ ಮಂದಿ ಇದ್ದಾರೆ. ನನ್ನ ಮೂರು ವರ್ಷದ ತಪ್ಪು ಮತ್ತು ಆಮೇಲೆ ಸರಿಯಾದ ಬಗೆ ಎರಡನ್ನೂ ಬರೆದರೆ ಅವರಿಗೆ ಸ್ವಲ್ಪ ಖರ್ಚಾದರೂ ಉಳಿದೀತು.

ಮೂರು ರಿಪೇರಿ, ಮೂರೂ ವ್ಯರ್ಥ

ಮೊದಲ ವರ್ಷ ಫ್ಯಾನಿನ ನೇರ ಮೇಲ್ಗಡೆ ತಾರಸಿಯಲ್ಲಿ ಕಂಡ ಬಿರುಕಿಗೆ ಸಿಮೆಂಟು ಕದಡಿ ಬಳಿದೆವು. ಎರಡನೇ ವರ್ಷ ಇಡೀ ತಾರಸಿಗೆ ಒಂದಿಂಚು ಗಾರೆ ಹಾಕಿಸಿದೆ. ಮೂರನೇ ವರ್ಷ ಡಬ್ಬದಲ್ಲಿ ಬರುವ ಬಿಳಿ ವಾಟರ್‌ಪ್ರೂಫ್ ಬಣ್ಣ ಎರಡು ಕೋಟು. ಅದು ಆಗಸ್ಟಿನೊಳಗೆ ಹಪ್ಪಳದ ಹಾಗೆ ಎದ್ದು ಬಂತು.

ಬಣ್ಣ ಎದ್ದದ್ದು ಬಣ್ಣದ ತಪ್ಪಲ್ಲ, ನನ್ನದು. ನಮ್ಮ ತಾರಸಿ ಡಿಸೆಂಬರಿನಿಂದ ಎಪ್ರಿಲ್ ಕೊನೆವರೆಗೂ ಅಡಿಕೆಯಿಂದ ತುಂಬಿರುತ್ತದೆ. ಅಡಿಕೆ ತೆಗೆದು ಮೇಸ್ತ್ರಿಯನ್ನು ಕರೆಯುವಾಗ ಮೇ ಕೊನೆ. ಅಷ್ಟರಲ್ಲಿ ಎರಡು ಮಳೆ ಬಿದ್ದು ಸ್ಲ್ಯಾಬ್ ನೀರು ಕುಡಿದಿರುತ್ತದೆ. ಮೇಲ್ಮೈ ಒಣಗಿದ ಹಾಗೆ ಕಂಡರೂ ಒಳಗೆ ತೇವ. ಅದರ ಮೇಲೆ ಬಣ್ಣ ಬಳಿದರೆ ಒಳಗಿನ ತೇವ ಬಿಸಿಲಿಗೆ ಹಬೆಯಾಗಿ ಬಣ್ಣವನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಹೆಚ್ಚಿನ ತಾರಸಿ ರಿಪೇರಿ ಹಾಳಾಗುವುದು ಈ ಒಂದು ಕಾರಣಕ್ಕೆ ಅಂತ ನನ್ನ ಅಂದಾಜು. ಜನವರಿ, ಫೆಬ್ರವರಿಯೇ ಇದಕ್ಕೆ ಸರಿಯಾದ ಕಾಲ. ಒಂದು ವರ್ಷದ ಮಟ್ಟಿಗೆ ಅಡಿಕೆಯನ್ನು ಅಂಗಳಕ್ಕೆ ಇಳಿಸಬೇಕು, ಇಲ್ಲವೇ ತಾರಸಿಯನ್ನು ಅರ್ಧರ್ಧ ಮಾಡಿಕೊಳ್ಳಬೇಕು.

ಮೊದಲು ಗೊತ್ತಾಗಬೇಕಾದ್ದು ಸೋರುವ ಜಾಗ

ಹಂಚಿನ ಮಾಡಿನಲ್ಲಿ ಹನಿ ಬಿದ್ದರೆ ಅಲ್ಲೇ ಸ್ವಲ್ಪ ಮೇಲೆ ಒಡೆದ ಹಂಚು ಸಿಗುತ್ತದೆ. ಸ್ಲ್ಯಾಬಿನಲ್ಲಿ ಹಾಗಲ್ಲ. ನೀರು ಬಿರುಕಿನಲ್ಲಿ ಇಳಿದು, ಕಾಂಕ್ರೀಟಿನ ಸಡಿಲ ಜಾಗದಲ್ಲಿ ಅಡ್ಡ ಹರಿದು, ದಾರಿ ಸಿಕ್ಕಲ್ಲಿ ಕೆಳಗೆ ಬರುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಸ್ಲ್ಯಾಬಿನೊಳಗೆ ಇಟ್ಟ ವಯರಿಂಗಿನ ಪೈಪ್. ಫ್ಯಾನಿನ ಬುಡದಲ್ಲಿ, ಬಲ್ಬಿನ ಹೋಲ್ಡರಿನಲ್ಲಿ ಹನಿ ಕಂಡರೆ ಮೊದಲು ಈ ಪೈಪನ್ನೇ ಸಂಶಯಪಡಬೇಕು. ಮೆಯಿನ್ ಸ್ವಿಚ್ ತೆಗೆದು, ಆ ಲೈನನ್ನು ಎಲೆಕ್ಟ್ರಿಷಿಯನ್‌ನಿಂದ ಬಿಡಿಸಿಟ್ಟ ಮೇಲೆಯೇ ಮುಂದಿನ ಕೆಲಸ. ನಾನು ಆಗಲೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ವಿದ್ಯುತ್ ಸ್ವಲ್ಪ ನೆಲಕ್ಕೆ ಸೋರಿದರೂ ಅದು ಲೈನ್ ಕಡಿಯುತ್ತದೆ. ತಾರಸಿ ಸೋರಲಿ ಬಿಡಲಿ, ಎಲ್ಲ ಮನೆಗೂ ಇದು ಬೇಕು.

ಇನ್ನೊಂದು ಸಣ್ಣ ಪರೀಕ್ಷೆ. ಮಳೆಗಾಲದಲ್ಲಿ ಸ್ಲ್ಯಾಬಿನ ಅಡಿ ಬೆವರಿದ್ದನ್ನೂ ನಾವು ಸೋರಿದ್ದು ಅಂದುಕೊಳ್ಳುವುದುಂಟು. ಒಂದಡಿ ಚದರದ ಪ್ಲಾಸ್ಟಿಕ್ ತುಂಡನ್ನು ಕೆಳಗಿನಿಂದ ಸ್ಲ್ಯಾಬಿಗೆ ನಾಲ್ಕು ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಪ್ಲಾಸ್ಟಿಕ್ಕಿನ ಹೊರಬದಿ, ಅಂದರೆ ಕೋಣೆಯ ಬದಿ ನೀರು ಕೂತರೆ ಅದು ಗಾಳಿಯ ತೇವ. ಕಿಟಿಕಿ ತೆರೆದು ಗಾಳಿ ಆಡಿಸಿದರೆ ಕಡಿಮೆಯಾಗುತ್ತದೆ. ಒಳಬದಿ ಒದ್ದೆಯಾದರೆ ನೀರು ಸ್ಲ್ಯಾಬಿನಿಂದ ಬರುತ್ತಿದೆ.

ಗದ್ದೆಯ ಹಾಗೆ ಬದು ಕಟ್ಟಿದೆವು

ಜಾಗ ಹುಡುಕುವ ಉಪಾಯ ಹೊಳೆದದ್ದು ಗದ್ದೆಯಿಂದ. ತಾರಸಿಯನ್ನು ಗುಡಿಸಿ ತೊಳೆದು, ನೀರು ಹೋಗುವ ತೂತಿಗೆ ಗೋಣಿ ಸುತ್ತಿ ಬಿಗಿದೆವು. ಆವೆ ಮಣ್ಣು ಕಲಸಿ ಮೂರು ಇಂಚು ಎತ್ತರದ ಬದು ಹಾಕಿ ನಾಲ್ಕು ಗದ್ದೆ ಮಾಡಿದೆವು. ಒಂದೊಂದರಲ್ಲಿ ಒಂದಿಂಚು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಕಾಯುವುದು. ಒಂದು ಗದ್ದೆಯ ಫಲಿತಾಂಶ ಗೊತ್ತಾಗದೆ ಇನ್ನೊಂದಕ್ಕೆ ನೀರು ಬಿಡಬಾರದು. ಹಳೆ ಗೋಡೆಯಿಂದ ದೂರದ ಗದ್ದೆಯಿಂದ ಸುರು ಮಾಡಿ ಗೋಡೆ ಕಡೆಗೆ ಬಂದೆವು.

ಒಂದಿಂಚು ನೀರಿಗೆ ಚದರ ಅಡಿಗೆ ಎರಡೂವರೆ ಕಿಲೋದಷ್ಟು ಭಾರ. ಗಟ್ಟಿ ಸ್ಲ್ಯಾಬಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕೆಳಗಿನಿಂದ ಕಂಬಿ ಕಾಣುತ್ತಿದ್ದರೆ, ಸ್ಲ್ಯಾಬ್ ಬಾಗಿದ್ದರೆ ಈ ಪರೀಕ್ಷೆ ಬೇಡ.

ಮೂರು ಗದ್ದೆಗಳಲ್ಲಿ ಹನಿಯೂ ಇಳಿಯಲಿಲ್ಲ. ಮೂರು ಸಲ ಸಿಮೆಂಟು ಬಳಿದ ಬಿರುಕು ಇದ್ದದ್ದೂ ಆ ಮೂರರಲ್ಲೇ! ಹಳೆ ಗೋಡೆಗೆ ತಾಗಿದ ನಾಲ್ಕನೆಯದಕ್ಕೆ ನೀರು ಬಿಟ್ಟು ಮೂರು ಗಂಟೆಯೊಳಗೆ ಫ್ಯಾನಿನ ಬುಡದಲ್ಲಿ ಟಪ್ ಟಪ್ ಸುರುವಾಯಿತು. ಗೋಡೆಗೂ ಫ್ಯಾನಿಗೂ ಒಂಬತ್ತು ಅಡಿ ದೂರ. ಹಳೆ ಮನೆಯ ಮೀಟರ್ ಬೋರ್ಡಿನಿಂದ ಬಂದ ವಯರಿಂಗ್ ಪೈಪ್ ಅದೇ ಗೋಡೆಯ ಬದಿಯಲ್ಲಿ ಸ್ಲ್ಯಾಬಿಗೆ ಇಳಿದಿತ್ತು.

ಸೇರುವೆ ಯಾಕೆ ಬಾಯಿ ಬಿಡುತ್ತದೆ?

ಹಳೆ ಮನೆ ಮುರಕಲ್ಲಿನದು. ಅದರ ಪಂಚಾಂಗ ಕೂತು ಎಷ್ಟೋ ವರ್ಷ ಆಗಿದೆ. ಹೊಸ ಕಟ್ಟಡಕ್ಕೆ ಆ ಬದಿಯಲ್ಲೂ ಬೇರೆಯೇ ಕಾಂಕ್ರೀಟ್ ಕಂಬ. ಅದು ಹೊಸದಾಗಿ ತುಂಬಿಸಿದ ಮಣ್ಣಿನ ಜಾಗ, ಕೂರುವುದು ಇನ್ನೂ ಬಾಕಿ. ಎರಡು ಕಟ್ಟಡ ಬೇರೆ ಬೇರೆಯಾಗಿ ಅಲ್ಲಾಡುತ್ತವೆ.

ಇದರ ಮೇಲೆ ಬಿಸಿಲು. ಕಾಂಕ್ರೀಟ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮಾರ್ಚಿನ ಮಧ್ಯಾಹ್ನದ ತಾರಸಿಗೂ ಮಳೆ ಹೊಡೆದ ತಾರಸಿಗೂ 30 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಂಡರೆ 30 ಅಡಿ ಉದ್ದದ ಸ್ಲ್ಯಾಬ್ ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ನಮ್ಮ ಮೇಸ್ತ್ರಿ ಸ್ಲ್ಯಾಬಿನ ಅಂಚಿಗೂ ಹಳೆ ಗೋಡೆಗೂ ನಡುವಿನ ಸೇರುವೆಗೆ ಸಿಮೆಂಟು ಮೆತ್ತಿದ್ದ. ಸಿಮೆಂಟಿಗೆ ಎಳೆದರೆ ಬಗ್ಗುವ ಗುಣವಿಲ್ಲ. ಹಾಗಾಗಿ ಎಷ್ಟು ಸಲ ಮೆತ್ತಿದರೂ ಅಲ್ಲೇ ಬಿಡುತ್ತದೆ. ಕೂದಲೆಳೆಯಷ್ಟು ಸಂದಾದರೂ ನೀರಿಗೆ ಸಾಕು.

ಸಾಲದ್ದಕ್ಕೆ ಹಳೆ ಮಾಡಿನ ಅರ್ಧದ ನೀರು ಸೂರಿನಿಂದ ಸೀದಾ ಈ ಸೇರುವೆಯ ಮೇಲೆಯೇ ಬೀಳುತ್ತಿತ್ತು. ಸ್ಲ್ಯಾಬಿಗೆ ಇಳಿಜಾರು ಇರಲಿಲ್ಲ. ನೀರು ಹೋಗಲು ಎರಡಿಂಚಿನ ಒಂದೇ ಪೈಪ್, ಅದರ ಬಾಯಿಗೆ ಅಡಿಕೆ ಸಿಪ್ಪೆ. ಇಷ್ಟು ಇದ್ದ ಮೇಲೆ ಸೋರದಿದ್ದರೆ ಆಶ್ಚರ್ಯ.

ಅಮ್ಮ ಆಗಾಗ ಹೇಳುತ್ತಿದ್ದರು: "ಮಗಾ, ಹಂಚಿನ ಮಾಡಾದ್ರೆ ಒಂದು ಹಂಚು ಬದಲಿಸಿದ್ರೆ ಮುಗೀತಿತ್ತು. ಇದ್ರಲ್ಲಿ ಎಂತ ಬದಲಿಸುದು?" ಹಂಚಿನ ಮಾಡು ಯಾಕೆ ಸೋರುವುದಿಲ್ಲ ಅಂತ ಯೋಚಿಸಿದಾಗಲೇ ದಾರಿ ಸಿಕ್ಕಿತು. ಅಲ್ಲಿ ಯಾವ ಸೇರುವೆಗೂ ಸಿಮೆಂಟು ಮೆತ್ತಿಲ್ಲ. ಮೇಲಿನ ಹಂಚು ಕೆಳಗಿನ ಹಂಚಿನ ಮೇಲೆ ಹತ್ತಿ ಕೂತಿದೆ, ಅಷ್ಟೆ. ಮಾಡು ಅಲ್ಲಾಡಿದರೂ ನೀರು ಒಳಗೆ ಬರುವುದಿಲ್ಲ. ನಮ್ಮ ಸೇರುವೆಗೂ ಅದನ್ನೇ ಮಾಡಿದೆವು.

ಮಾಡಿದ ಕೆಲಸ, ಒಂದೊಂದಾಗಿ

2018ರ ಜನವರಿಯಲ್ಲಿ ಕೆಲಸ ಹಿಡಿದೆವು.

1. ಹಳೆ ಮಾಡಿನ ಸೂರಿಗೆ ಉದ್ದಕ್ಕೂ ಪಿವಿಸಿ ದಂಬೆ ಕಟ್ಟಿ, ಆ ನೀರು ತಾರಸಿಗೆ ಬೀಳದ ಹಾಗೆ ಬದಿಗೆ ಸಾಗಿಸಿದೆವು. ಸೋರುವ ನೀರಿನ ದೊಡ್ಡ ಪಾಲು ಇಲ್ಲೇ ಕಡಿಮೆಯಾಯಿತು. ನಿಮ್ಮಲ್ಲಿ ಬೇರೇನೂ ಮಾಡಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಈ ವರ್ಷ ಇದೊಂದನ್ನಾದರೂ ಮಾಡಿ.

2. ನಾನೇ ಹಾಕಿಸಿದ ಒಂದಿಂಚು ಗಾರೆ, ಅದರಡಿ ಮೊದಲಿನ ಒಂದಿಂಚು, ಎರಡನ್ನೂ ಎಬ್ಬಿಸಿ ತೆಗೆದೆವು. ಒಂದಿಂಚು ಗಾರೆ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. 600 ಚದರ ಅಡಿಗೆ ಎರಡಿಂಚು ಅಂದರೆ 6 ಟನ್! ಸೋರಿದಾಗಲೆಲ್ಲ ಗಾರೆಯ ಮೇಲೆ ಗಾರೆ ಹಾಕುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

3. ಸೇರುವೆಯ ಹಳೆ ಸಿಮೆಂಟನ್ನೆಲ್ಲ ಕೆರೆದು ಅರ್ಧ ಇಂಚು ಅಗಲದ ಸಂದು ಬಿಡಿಸಿದೆವು. ಧೂಳು ಊದಿ ತೆಗೆದು ಎಂಟು ದಿನ ಬಿಸಿಲಿಗೆ ಬಿಟ್ಟೆವು. ಸಂದಿಗೆ ಫೋಮಿನ ಬತ್ತಿ ತುರುಕಿ, ಅದರ ಮೇಲೆ ಕಾಲು ಇಂಚು ದಪ್ಪಕ್ಕೆ ಪಾಲಿಯುರಿಥೇನ್ ಸೀಲೆಂಟ್ ತುಂಬಿಸಿದೆವು. ಇದು ರಬ್ಬರಿನ ಹಾಗೆ ಎಳೆದರೆ ಎಳೆಯುತ್ತದೆ. ಅಡಿಯಲ್ಲಿ ಬತ್ತಿ ಇಡುವುದು ಖರ್ಚು ಉಳಿಸಲು ಮಾತ್ರ ಅಲ್ಲ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಿದರೆ ಹಿಗ್ಗಲಾಗದೆ ಹರಿಯುತ್ತದೆ.

4. ಸಂದಿನ ಈಚೆ, ಸ್ಲ್ಯಾಬಿನ ಅಂಚಿನಲ್ಲಿ ಉದ್ದಕ್ಕೂ ಆರಿಂಚು ಎತ್ತರದ ಸಣ್ಣ ಕಾಂಕ್ರೀಟ್ ಕಟ್ಟೆ. ಹಳೆ ಗೋಡೆಯಲ್ಲಿ ಕಟ್ಟೆಗಿಂತ ಮೂರಿಂಚು ಮೇಲೆ ಒಂದಿಂಚು ಆಳದ ಕಚ್ಚು. ಆ ಕಚ್ಚಿಗೆ ಅಲ್ಯುಮಿನಿಯಂ ತಗಡಿನ ಅಂಚು ಸಿಕ್ಕಿಸಿ, ಬಗ್ಗಿಸಿ, ಕಟ್ಟೆಯ ಮೇಲಿನಿಂದ ಈಚೆಗೆ ಇಳಿಬಿಟ್ಟೆವು. ತಗಡಿಗೆ ಗೋಡೆಯ ಬದಿಯಲ್ಲಿ ಮಾತ್ರ ಹಿಡಿತ, ಕಟ್ಟೆಯ ಬದಿ ಸಡಿಲ. ಮೇಸ್ತ್ರಿ ಎರಡೂ ಬದಿ ಸ್ಕ್ರೂ ಹಾಕಲು ಹೊರಟಿದ್ದ. "ಅಣ್ಣೇರೆ, ಗಾಳಿಗೆ ಹಾರ್ಲಿಕ್ಕಿಲ್ವಾ?" ಅಂದ. ಹಾರದಷ್ಟು ದಪ್ಪದ ತಗಡು ಹಾಕುವ, ಸ್ಕ್ರೂ ಬೇಡ ಅಂದೆ. ಎರಡೂ ಕಡೆ ಬಿಗಿದರೆ ಸಿಮೆಂಟು ಮೆತ್ತಿದ ಕಥೆಯೇ ಆಗುತ್ತದೆ.

ತಗಡಿನ ಅಂಚು ಗೋಡೆಯೊಳಗೇ ಹೋಗಬೇಕು. ಗಾರೆ ಇಲ್ಲದ ಮುರಕಲ್ಲು ಎರಚಲು ನೀರು ಕುಡಿಯುತ್ತದೆ. ತಗಡನ್ನು ಬರೇ ಹೊರಗಿನಿಂದ ಒತ್ತಿ ಇಟ್ಟರೆ ನೀರು ಕಲ್ಲಿನೊಳಗಿನಿಂದ ಅದರ ಹಿಂದೆ ಇಳಿಯುತ್ತದೆ. ಕಚ್ಚಿನ ಮೇಲಿನ ಗೋಡೆಗೂ ಗಾರೆ ಮಾಡಿಸಿದೆವು.

5. ಇಳಿಜಾರು. ಎಂಟು ಅಡಿಗೆ ಒಂದಿಂಚಿನಂತೆ, ಹಳೆ ಗೋಡೆಯಿಂದ ಆಚೆ ಕಡೆಗೆ. 20 ಅಡಿಗೆ ಎರಡೂವರೆ ಇಂಚು. ಆಚೆ ತುದಿಯಲ್ಲಿ ಒಂದಿಂಚು ದಪ್ಪ, ಗೋಡೆ ಬುಡದಲ್ಲಿ ಮೂರೂವರೆ. ತೆಗೆದ ಗಾರೆಗಿಂತ ಸ್ವಲ್ಪ ಹೆಚ್ಚು ಭಾರ ವಾಪಸು ಬೀಳುತ್ತದೆ ಅಂತ ಎಂಜಿನಿಯರರನ್ನು ಕರೆಸಿ ಕೇಳಿಯೇ ಹಾಕಿಸಿದ್ದು. 1:4ರ ಮಿಶ್ರಣ. ಬೆಳಿಗ್ಗೆ ಬೇಗ ಹಾಕಿ ಮುಗಿಸಿ, ಮರುದಿನದಿಂದ ಏಳು ದಿನ ನೀರು ನಿಲ್ಲಿಸಿದೆವು. ಬೇಸಗೆಯ ಬಿಸಿಲಿಗೆ ಹೊಸ ಗಾರೆ ಬೇಗ ಒಣಗಿದರೆ ಆ ದಿನವೇ ಸಣ್ಣ ಬಿರುಕು ಬೀಳುತ್ತದೆ.

6. ನೀರಿನ ದಾರಿ. ಎರಡಿಂಚಿನ ಪೈಪ್ ತೆಗೆದು ನಾಲ್ಕಿಂಚಿನ ಎರಡು ಹಾಕಿದೆವು. ನಮ್ಮ ಮಳೆಗೆ 300 ಚದರ ಅಡಿಗೆ ನಾಲ್ಕಿಂಚಿನ ಒಂದು ಪೈಪ್ ಇದ್ದರೆ ಧೈರ್ಯ. ಪೈಪಿನ ಬಾಯಿ ಸುತ್ತಿನ ನೆಲಕ್ಕಿಂತ ಒಂದಿಂಚು ತಗ್ಗಿನಲ್ಲಿರಬೇಕು, ಮೇಲೆ ಜಾಲರಿ ಇರಬೇಕು. ಪ್ಯಾರಾಪೆಟ್ಟಿನಲ್ಲಿ ನೆಲದಿಂದ ಮೂರಿಂಚು ಮೇಲೆ ಒಂದು ತೂತು ಬಿಡಿಸಿದ್ದೇನೆ. ಕೆಳಗಿನ ಪೈಪ್ ಕಟ್ಟಿದರೆ ನೀರು ಅಲ್ಲಿಂದ ಹೊರಗೆ ಹಾರುತ್ತದೆ, ಅಂಗಳದಲ್ಲಿ ನಿಂತವರಿಗೆ ಗೊತ್ತಾಗುತ್ತದೆ.

7. ಪ್ಯಾರಾಪೆಟ್ಟಿನ ಬುಡದ ಮೂಲೆಗಳಿಗೆ ಮೂರಿಂಚಿನ ಉರುಟು ಗಾರೆ. ಚೂಪು ಮೂಲೆಯಲ್ಲಿ ನೀರೂ ನಿಲ್ಲುತ್ತದೆ, ಲೇಪವೂ ಬಿರುಕು ಬಿಡುತ್ತದೆ. ಪ್ಯಾರಾಪೆಟ್ಟಿನ ತಲೆಗೆ ತಾರಸಿಯ ಕಡೆಗೆ ಸಣ್ಣ ಇಳಿಜಾರು.

ಇಷ್ಟಾದ ಮೇಲೆ ಲೇಪ. ಲೇಪವನ್ನು ಕೊನೆಗೆ ಬರೆದದ್ದು ಯಾಕೆಂದರೆ ಅದರ ಸರದಿಯೂ ಕೊನೆಯದೇ. ನಾವು ಮಾತ್ರ ಅದರಿಂದಲೇ ಸುರು ಮಾಡುತ್ತೇವೆ.

ಅಡಿಕೆ ಒಣಗಿಸುವವರಿಗೆ ಲೇಪದ ಮಾತು

ಡಾಮರಿನ ಲೇಪ ಅಗ್ಗ, ನೀರನ್ನೂ ತಡೆಯುತ್ತದೆ. ಆದರೆ ಬಿಸಿಲಿಗೆ ಮೆತ್ತಗಾಗಿ ಅಡಿಕೆಗೆ ಅಂಟುತ್ತದೆ, ವಾಸನೆಯೂ ಹಿಡಿದೀತು. ಅಡಿಕೆ ಹಾಕುವ ತಾರಸಿಗೆ ಬೇಡ. ನಾನು ಹಾಕಿದ್ದು ಅಕ್ರಿಲಿಕ್ ಜಾತಿಯದು. ಒಂದು ಕೋಟು ಉದ್ದಕ್ಕೆ, ಅದು ಹಸಿ ಇರುವಾಗಲೇ ಫೈಬರ್ ಜಾಲರಿ ಹಾಸಿ, ಒಣಗಿದ ಮೇಲೆ ಇನ್ನೆರಡು ಕೋಟು ಅಡ್ಡಕ್ಕೆ. ಹೊಸ ಗಾರೆ ಪೂರ್ತಿ ಒಣಗಲು ಮೂರು ವಾರ ಬಿಟ್ಟು ಬಳಿದದ್ದು.

ಲೇಪಕ್ಕೆ ದೊಡ್ಡ ವೈರಿ ಮಳೆಯಲ್ಲ, ನಾವು. ಅಡಿಕೆ ಎಳೆಯುವ ಕಬ್ಬಿಣದ ಹಾರೆ, ಪಾಚಿ ತೆಗೆಯುವ ತಂತಿ ಬ್ರಶ್. ಈಗ ನಾನು ಅಡಿಕೆಯನ್ನು ನೆಟ್ ಹಾಸಿ ಹಾಕುತ್ತೇನೆ, ಎಳೆಯಲು ಮರದ ಹಲಗೆ. ಪಾಚಿಗೆ ತೆಂಗಿನ ಕಡ್ಡಿಹಿಡಿ ಸಾಕು.

ತಾರಸಿಯ ನಡುವಿನ ಬಿರುಕುಗಳನ್ನು ಲೇಪಕ್ಕಿಂತ ಮೊದಲು ಅರ್ಧ ಇಂಚು ಆಳಕ್ಕೆ ವಿ ಆಕಾರದಲ್ಲಿ ಬಿಡಿಸಿ, ಲೇಟೆಕ್ಸ್ ಬೆರೆಸಿದ ಗಾರೆ ತುಂಬಿದೆವು. ಮೇಲಿನಿಂದ ಬಳಿದ ಸಿಮೆಂಟು ನೀರು ಬಿರುಕಿನೊಳಗೆ ಇಳಿಯುವುದೇ ಇಲ್ಲ.

ಕೆಳಗಿನ ತುಕ್ಕನ್ನು ಮರೆಯಬಾರದು

ಸ್ಲ್ಯಾಬಿನ ಅಡಿಯಲ್ಲಿ ಬಿಳಿ ಕಲೆ, ಸುಣ್ಣದ ಸಣ್ಣ ಕೋಲು ಇಳಿದಿದ್ದರೆ ನೀರು ಕಾಂಕ್ರೀಟಿನ ಸುಣ್ಣ ಕರಗಿಸಿ ತರುತ್ತಿದೆ ಎಂದರ್ಥ. ಕೆಂಪು ಕಲೆ ಕಂಡರೆ ಕಂಬಿಗೆ ತುಕ್ಕು. ಕಬ್ಬಿಣ ತುಕ್ಕಾದಾಗ ಎರಡು ಪಾಲಿಗಿಂತ ಹೆಚ್ಚು ಉಬ್ಬುತ್ತದೆ, ಅಡಿಯ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಮಲಗುವವರ ತಲೆ ಮೇಲೆ ಬೀಳುವ ವಸ್ತು ಅದು.

ಸುತ್ತಿಗೆಯಿಂದ ಮೆಲ್ಲ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಸಡಿಲ ಕಾಂಕ್ರೀಟ್ ಇದೆ. ನಮ್ಮಲ್ಲಿ ಎರಡು ಕಡೆ ಸಿಕ್ಕಿತು. ಅದನ್ನು ಬೀಳಿಸಿ, ಕಂಬಿಯನ್ನು ಹೊಳೆಯುವಷ್ಟು ಉಜ್ಜಿ, ತುಕ್ಕು ನಿರೋಧಕ ಬಳಿದು, ಲೇಟೆಕ್ಸ್ ಗಾರೆಯನ್ನು ಒಂದು ಸಲಕ್ಕೆ ಅರ್ಧ ಇಂಚಿನಂತೆ ತುಂಬಿದೆವು. ಇದನ್ನು ಮೇಲಿನ ಸೋರಿಕೆ ನಿಂತ ಮೇಲೆ ಮಾಡಬೇಕು. ಕೆಳಗೆ ಮಾತ್ರ ಗಾರೆ ಮಾಡಿ ಬಣ್ಣ ಹೊಡೆದರೆ ತುಕ್ಕು ಒಳಗೇ ಬೆಳೆಯುತ್ತದೆ. ಕಂಬಿ ತಿಂದು ಸಪೂರವಾಗಿದ್ದರೆ, ಸ್ಲ್ಯಾಬ್ ಬಾಗಿದ್ದರೆ ಮೇಸ್ತ್ರಿ ಸಾಲದು. ಎಂಜಿನಿಯರರಿಗೆ ತೋರಿಸುವವರೆಗೆ ಆ ಕೋಣೆಯಲ್ಲಿ ಮಲಗಬೇಡಿ.

ಶೀಟಿನ ಮಾಡು ಹಾಕಬಹುದಲ್ಲ?

ಈಗ ಎಲ್ಲರ ಸಲಹೆ ಇದೇ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿದರೆ ಮಳೆಯ ತಕರಾರು ಮುಗಿಯಿತು ಅಂತ. ಹಾಕಿದವರ ಮನೆ ಕೆಳಗೆ ತಂಪಾಗಿರುವುದೂ ನಿಜ. ನಾನು ವಿಚಾರಿಸಿದಾಗ ನನ್ನ ರಿಪೇರಿಯ ನಾಲ್ಕು ಪಟ್ಟು ಖರ್ಚು ಹೇಳಿದರು, ಬಿಟ್ಟೆ. ನನಗೆ ಅಡಿಕೆಗೆ ಬಿಸಿಲೂ ಬೇಕು. ಪಾರದರ್ಶಕ ಶೀಟು ಹಾಕಿದರೆ ಬಿಸಿಲೂ ಸಿಗುತ್ತದೆ, ಖರ್ಚು ಇನ್ನೂ ಮೇಲೆ.

ಹಾಕುವುದಾದರೆ ಒಂದು ಎಚ್ಚರ ಬೇಕು. ಕಂಬದ ಬುಡದ ಪ್ಲೇಟಿಗೆ ಸ್ಲ್ಯಾಬನ್ನೇ ಕೊರೆದು ಬೋಲ್ಟ್ ಹಾಕುತ್ತಾರೆ. ಒಂದೊಂದು ಬೋಲ್ಟೂ ಒಂದೊಂದು ಹೊಸ ತೂತು. ಎರಚಲು ನೀರು ಅಲ್ಲಿ ಇಳಿಯುತ್ತದೆ. ಆರಿಂಚು ಎತ್ತರದ ಕಾಂಕ್ರೀಟ್ ದಿಮ್ಮಿ ಎರೆಸಿ ಅದರ ಮೇಲೆ ಕಂಬ ನಿಲ್ಲಿಸಿ. ಗಾಳಿಯ ಹೊಡೆತಕ್ಕೆ ತಕ್ಕ ಹಿಡಿತವನ್ನೂ ಕೇಳಿ ಮಾಡಿಸಿ.

ಆಮೇಲೆ?

ಕೆಲಸ ಮುಗಿದು ಲೇಪ ಒಣಗಿದ ಮೇಲೆ ಇನ್ನೊಮ್ಮೆ ಎರಡು ದಿನ ನೀರು ನಿಲ್ಲಿಸಿದೆವು. ಇಳಿಯಲಿಲ್ಲ. ಆದರೂ ನಂಬಿಕೆ ಬಂದದ್ದು 2018ರ ಆಗಸ್ಟಿನಲ್ಲಿ. ಕೊಡಗಿನಲ್ಲಿ ಗುಡ್ಡಗಳು ಜರಿದ ಆ ಮಳೆ ನಮ್ಮಲ್ಲಿಯೂ ಬಿಡದೆ ಹೊಡೆಯಿತು. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ಫ್ಯಾನಿನ ಬುಡ ನೋಡಿದೆ. ಒಣಗಿಯೇ ಇತ್ತು. ಅಮ್ಮ ನಿದ್ದೆಯಲ್ಲೇ, "ಬಕೆಟ್ ಇಟ್ಟಿದ್ಯಾ?" ಅಂತ ಕೇಳಿದರು.

ಎಲ್ಲವೂ ಶಾಶ್ವತವಾಗಿ ಸರಿಯಾಯಿತು ಅಂತ ಹೇಳಲಾರೆ. ನಾಲ್ಕು ವರ್ಷದ ಮೇಲೆ 2022ರಲ್ಲಿ ಒಂದು ಮೂಲೆಯಲ್ಲಿ ಸೀಲೆಂಟ್ ಬಿಟ್ಟಿತ್ತು. ಮೇಲೆ ತಗಡು ಇದ್ದದ್ದರಿಂದ ಕೆಳಗೆ ಹನಿ ಬೀಳಲಿಲ್ಲ. ತಗಡು ಎತ್ತಿ ಆ ಮೂಲೆ ಹೊಸತು ಮಾಡಿದೆ. ಲೇಪಕ್ಕೂ ಒಂದು ಕೋಟು ಮತ್ತೆ ಕೊಟ್ಟಿದ್ದೇನೆ.

ತಾರಸಿಯ ನೀರನ್ನು ಪಂಚಾಂಗದ ಬುಡಕ್ಕೆ ಬಿಡಬೇಡಿ, ಹೊಸ ಮಣ್ಣು ಇನ್ನಷ್ಟು ಕೂತು ಸೇರುವೆ ಮತ್ತೆ ಬಾಯಿ ಬಿಡುತ್ತದೆ. 600 ಚದರ ಅಡಿಯ ಮೇಲೆ 4000 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ 20 ಸಾವಿರ ಲೀಟರಿಗಿಂತ ಹೆಚ್ಚು ನೀರು. ನಾನು ಪೈಪಿನಲ್ಲಿ ತೋಟದ ಮೇಲ್ಬದಿಯ ಇಂಗುಗುಂಡಿಗೆ ಬಿಟ್ಟಿದ್ದೇನೆ.

ಹೊಸತಾಗಿ ಕಟ್ಟಿಸುವವರಿಗೆ ನನ್ನದು ಮೂರೇ ಮಾತು. ಹಳೆ ಮಾಡಿನ ನೀರು ಹೊಸ ತಾರಸಿಗೆ ಬೀಳದಿರಲಿ. ಇಳಿಜಾರು ಹಳೆ ಗೋಡೆಯಿಂದ ಆಚೆಗಿರಲಿ. ಸೇರುವೆಗೆ ಕಟ್ಟುವಾಗಲೇ ಕಟ್ಟೆ ಮತ್ತು ತಗಡು ಹಾಕಿಸಿ, ಆಗ ಆಗುವ ಖರ್ಚು ತೀರಾ ಸಣ್ಣದು.

ವರ್ಷಕ್ಕೆ ಒಂದು ದಿನ, ಕೊನೆಯ ಅಡಿಕೆ ತೆಗೆದ ಮರುದಿನವೇ, ತಾರಸಿ ಗುಡಿಸಿ ಪೈಪಿನ ಬಾಯಿಗೆ ಒಂದು ಕೊಡ ನೀರು ಹೊಯ್ದು ನೋಡುತ್ತೇನೆ. ಮಳೆಗಾಲದಲ್ಲಿ ದೊಡ್ಡ ಗಾಳಿ ಬಂದು ಹೋದ ಮೇಲೆ ಇನ್ನೊಮ್ಮೆ. ಜಾಲರಿಯಲ್ಲಿ ಹೆಚ್ಚಾಗಿ ಸಿಗುವುದು ಅಡಿಕೆ ಸಿಪ್ಪೆ ಮತ್ತು ಮಾವಿನ ಎಲೆ.